ಪಿ.ಪಿ. ಈಮೇಲಿನ ಅಕ್ಕೋರು

ಅಕ್ಕೋರು ಹೋದರು ಎಂದು ಕಮಲಾಪುರದಿಂದ ಫೋನ್ ಬಂದಾಗ ನನಗೆ ಮೊದಲು ಬಂದದ್ದು ನಗು. ಹೀಗೆ ಬರೆದರೆ ಇವಳೆಂಥ ಹೆಂಗಸು ಎಂದುಕೊಳ್ಳುತ್ತೀರೋ ಏನೋ. ಆದರೆ ಅವರನ್ನು ಬಲ್ಲ ಯಾರಿಗಾದರೂ ಹೀಗೇ ಆಗುತ್ತಿತ್ತು. ಅಳು ಬರಲಿಲ್ಲವೆಂದಲ್ಲ, ಅದು ಮಧ್ಯಾಹ್ನದ ಊಟದ ಹೊತ್ತಿಗೆ ಬಂತು, ಬಂದದ್ದು ಸಂಜೆಯವರೆಗೂ ಹೋಗಲಿಲ್ಲ. ಒಂದು ದಿನವೂ ಹಾಸಿಗೆ ಹಿಡಿಯಲಿಲ್ಲವಂತೆ. ಬೆಳಗಿನ ಚಹಾ ಕುಡಿದು, ಕಪ್ಪು ತೊಳೆದು ಬೋರಲು ಹಾಕಿ, ಆಮೇಲೆ ಹೋದರಂತೆ. ಕಪ್ಪು ತೊಳೆದಿಟ್ಟ ವಿಷಯ ಕೇಳಿದ ಮೇಲಂತೂ ನನಗೆ ನಗು ತಡೆಯಲಾಗಲಿಲ್ಲ. ಅರ್ಧ ಕೆಲಸ ಬಿಟ್ಟು ಎದ್ದುಹೋಗುವ ಹೆಂಗಸೇ ಅಲ್ಲ ಅವರು.

ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಕ್ಕಳನ್ನೆಲ್ಲ ಅಕ್ಕೋರು ಎಂದೇ ಕರೆಯುವುದು. ಇವರು ಕಮಲಾಪುರದ ಹೈಸ್ಕೂಲಿನಲ್ಲಿ ಗಣಿತದ ಅಕ್ಕೋರು, ನಿವೃತ್ತಿಯ ಮೇಲೆ ಅಲ್ಲೇ ಹೋಗಿ ನೆಲೆಸಿದವರು. ನೌಕರಿಯಲ್ಲಿದ್ದಷ್ಟು ಕಾಲ ಮನೆ ಮಾತ್ರ ಕಲಬುರಗಿಯಲ್ಲಿ, ಐವಾನ್-ಎ-ಶಾಹಿ ಅತಿಥಿಗೃಹದ ಹಿಂದಿನ ನಮ್ಮ ಓಣಿಯಲ್ಲಿ, ನಮ್ಮ ಮನೆಯಿಂದ ಮೂರನೆಯದು. ದಿನಾ ಬೆಳಿಗ್ಗೆ ಬಸ್ಸು, ದಿನಾ ಸಂಜೆ ಬಸ್ಸು. ಗಿಡ್ಡ ಆಳು, ಇಸ್ತ್ರಿ ಮುರಿಯದ ಕಾಟನ್ ಸೀರೆ, ಹೆಗಲಿಗೆ ಬಟ್ಟೆಯ ಚೀಲ. ನಡಿಗೆ ನೋಡಿದರೆ ಬಸ್ಸು ತಪ್ಪಿಹೋಗುತ್ತಿದೆ ಎನ್ನಬೇಕು, ಆದರೆ ಬಸ್ಸು ಬರುವುದಕ್ಕೆ ಇನ್ನೂ ಅರ್ಧ ತಾಸು ಇರುತ್ತಿತ್ತು. ಕ್ಲಾಸಿನಲ್ಲಿ ಅವರು ಬಲು ಖಡಕ್. ಅವರ ಪಿರಿಯಡ್ಡಿನಲ್ಲಿ ಹುಡುಗರು ಸೀನುವುದಕ್ಕೂ ಪರವಾನಗಿ ಕೇಳುತ್ತಿದ್ದರು ಎಂದು ಕಮಲಾಪುರದವರು ಹೇಳುತ್ತಾರೆ. ನಗುವ ಮಾತಂತೂ ದೂರವೇ ಉಳಿಯಿತು.

ಆದರೆ ಪ್ರಶ್ನೆ ಕೇಳಿದರೆ ಮಾತ್ರ ಬೇರೆಯೇ ಹೆಂಗಸು. ಯಾರು, ಏನು, ಯಾವ ಹೊತ್ತಿನಲ್ಲಿ ಕೇಳಿದರೂ ಉತ್ತರ ಕೊಡದೆ ಬಿಟ್ಟವರಲ್ಲ. ಉತ್ತರ ಗೊತ್ತಿಲ್ಲದಿದ್ದರೆ "ನಾಳಿ ಹೇಳ್ತೀನಿ" ಎಂದು ನಾಳೆ ಹೇಳುತ್ತಿದ್ದರು. ಒಮ್ಮೆ ಒಂಬತ್ತನೆಯ ತರಗತಿಯ ಒಬ್ಬ ಭಂಡ ಹುಡುಗ ಎದ್ದು ನಿಂತು, "ಅಕ್ಕೋರೆ, ನೀವ್ಯಾಕ ಮದುವಿ ಆಗಿಲ್ರಿ?" ಎಂದು ಕೇಳಿದನಂತೆ. ಇವರು ಸೀಮೆಸುಣ್ಣ ಕೆಳಗಿಟ್ಟು, "ನೋಡಾಕ ಮೂರು ಮಂದಿ ಬಂದಿದ್ರು. ಮೂವರೂ ಪಗಾರ ಎಷ್ಟು ಅಂತ ಕೇಳಿದ್ರು, ಊಟಾ ಆತೇನು ಅಂತ ಒಬ್ಬನೂ ಕೇಳಲಿಲ್ಲ. ತಿಳೀತಿಲ್ಲೋ? ಕೂಡು. ಪುಟ ನಲವತ್ತು ತೆಗೀರಿ" ಎಂದರಂತೆ.

ಈಗ ಪಿ.ಪಿ. ವಿಷಯ. ಎಂಬತ್ತರ ದಶಕದ ಕೊನೆಗೆ ನಮ್ಮ ಓಣಿಗೆ ಬಂದ ಮೊದಲ ಫೋನು ಅಕ್ಕೋರದು. ಆ ಕಾಲದಲ್ಲಿ ಫೋನಿಲ್ಲದವರೆಲ್ಲ ಪಕ್ಕದ ಮನೆಯ ನಂಬರು ಕೊಟ್ಟು ಅದರ ಮುಂದೆ ಪಿ.ಪಿ. ಎಂದು ಬರೆಯುತ್ತಿದ್ದರು. ಫೋನು ನಮ್ಮದಲ್ಲ, ಆದರೆ ಕರೆದರೆ ಬರುತ್ತೇವೆ ಎಂದು ಅರ್ಥ. ಲಗ್ನಪತ್ರಿಕೆಗಳಲ್ಲಿ, ಅಂಗಡಿಯ ಬೋರ್ಡುಗಳಲ್ಲಿ, ಆಸ್ಪತ್ರೆಯ ಚೀಟಿಗಳಲ್ಲಿ ಅಕ್ಕೋರ ನಂಬರು ಎಷ್ಟು ಸಲ ಅಚ್ಚಾಯಿತೋ ದೇವರಿಗೇ ಗೊತ್ತು. ಫೋನು ಬಂದರೆ ಮಾಳಿಗೆ ಏರಿ, "ಏ, ಸೊಲ್ಲಾಪುರದಿಂದ ನಿಮ್ಮ ಕಾಕಾ! ಲಗೂ ಬರ್ರಿ, ರೊಕ್ಕಾ ಏರ್ತದ!" ಎಂದು ಕೂಗುತ್ತಿದ್ದರು. ನಮ್ಮ ಓಣಿಯ ಬಾಣಂತನ, ಬೀಗತನ, ಜಗಳ, ರಾಜಿ ಎಲ್ಲವೂ ಆ ಕೂಗಿನಲ್ಲೇ ಊರಿಗೆಲ್ಲ ತಿಳಿಯುತ್ತಿದ್ದವು.

ಎರಡು ಸಾವಿರದ ಆಚೆಗೆ ಮನೆಮನೆಗೂ ಫೋನು ಬಂದು ಅಕ್ಕೋರ ಗಂಟಲಿಗೆ ಒಂದಿಷ್ಟು ಆರಾಮ ಸಿಕ್ಕಿತು ಎನ್ನುವಷ್ಟರಲ್ಲಿ ಅವರು ಕಂಪ್ಯೂಟರ್ ತಂದರು. ಅಂಗಡಿಯ ಟಿವಿಯಷ್ಟು ದಪ್ಪದ ಡಬ್ಬಿ. ಅದರ ತಲೆಯ ಮೇಲೆ ಕೂತ ಬುದ್ಧನ ಸಣ್ಣ ಮೂರ್ತಿ ಇಟ್ಟರು. ಇಂಟರ್ನೆಟ್ ಹತ್ತುವಾಗ ಮೋಡೆಮ್ಮು ಕಿರ್ರೋ ಎಂದು ಕಿರುಚಿಕೊಳ್ಳುತ್ತಿದ್ದಷ್ಟು ಹೊತ್ತೂ ಆ ಮೂರ್ತಿಯನ್ನೇ ನೋಡುತ್ತ ಕೂಡುತ್ತಿದ್ದರು. "ಭಕ್ತಿಗಿ ಅಲ್ಲ ತಂಗಿ, ತಾಳ್ಮಿಗಿ" ಎನ್ನುತ್ತಿದ್ದರು. ಆಮೇಲೆ ಪರದೇಶದ ಯಾವುದೋ ಕಂಪನಿ ಪುಕ್ಕಟೆ ಕೊಡುತ್ತದೆಂದು ಒಂದು ಈಮೇಲ್ ಮಾಡಿಕೊಂಡರು. ಮಾಡಿಕೊಂಡ ಮರುದಿನವೇ ಅದು ಓಣಿಯ ಆಸ್ತಿಯಾಯಿತು. ನೌಕರಿಗೆ ಅರ್ಜಿ ಹಾಕುವ ನಾವೆಲ್ಲ ಬಯೋಡೇಟಾದಲ್ಲಿ ಈಮೇಲ್ ಎಂಬ ಜಾಗದಲ್ಲಿ ಅಕ್ಕೋರ ವಿಳಾಸ ಬರೆದು ಮುಂದೆ ಪಿ.ಪಿ. ಎಂದು ಸೇರಿಸಿದೆವು. ಪಿ.ಪಿ. ಈಮೇಲ್ ಎಂಬುದು ಜಗತ್ತಿನಲ್ಲಿ ಬೇರೆಲ್ಲಾದರೂ ಇತ್ತೋ ಇಲ್ಲವೋ ನನಗೆ ತಿಳಿಯದು.

ಆ ನಾವೆಲ್ಲರಲ್ಲಿ ತೀರ ಗರಜಿದ್ದವಳು ನಾನು. ಅವ್ವ ಕಟ್ಟಡದ ಕೆಲಸಕ್ಕೆ ಇಟ್ಟಂಗಿ ಹೊತ್ತು ನನಗೆ ಬಿ.ಎಸ್ಸಿ. ಓದಿಸಿದ್ದಳು. ಪಾಸಾಗಿ ಒಂದೂವರೆ ವರ್ಷವಾಗಿತ್ತು. ಅಷ್ಟು ದಿನವೂ ಅರ್ಜಿ ಹಾಕುವುದೇ ನನ್ನ ನೌಕರಿ. ಕಡೆಗೆ ಹುಮನಾಬಾದ್ ಕಡೆಯ ಒಂದು ಔಷಧಿ ಕಾರ್ಖಾನೆಯವರು ತಮ್ಮ ಲ್ಯಾಬಿಗೆ ಜನ ಬೇಕೆಂದು ಕಲಬುರಗಿಯಲ್ಲಿ ಲಿಖಿತ ಪರೀಕ್ಷೆ ಮಾಡಿದರು, ಅಕ್ಕೋರ ಈಮೇಲಿನಿಂದಲೇ ಅರ್ಜಿ ಕಳಿಸಿದ್ದ ನಾನು ಪಾಸಾದೆ. ಸಂದರ್ಶನದ ತಾರೀಖನ್ನು ಮುಂದಿನ ವಾರ ಈಮೇಲಿನಲ್ಲಿ ತಿಳಿಸುತ್ತೇವೆ, ಆ ದಿನ ಬಾರದವರ ಹೆಸರು ತೆಗೆದುಹಾಕುತ್ತೇವೆ ಎಂದರು. ಅವ್ವ ಆ ವಾರ ಎರಡು ಸಲ ನನ್ನ ಒಂದೇ ಒಂದು ಒಳ್ಳೆಯ ಸೀರೆಯನ್ನು ಬಿಸಿಲಿಗೆ ಹಾಕಿ ಒಳಗಿಟ್ಟಳು.

ಸೋಮವಾರ ಬೆಳಿಗ್ಗೆ ನಾನು ಹೋದಾಗ ಅಕ್ಕೋರು ಶಾಲೆಗೆ ಹೊರಡುವ ಮೊದಲು ಮೇಲ್ ನೋಡುತ್ತಿದ್ದರು. ನೋಡುತ್ತಿದ್ದರು ಎಂದರೆ ತಪ್ಪು, ಗುದ್ದಾಡುತ್ತಿದ್ದರು. ಪಾಸ್‌ವರ್ಡ್ ಹೊಡೆದರೆ ಅದು ಸರಿಯಿಲ್ಲ ಎಂದು ಪರದೆ ಹೇಳುತ್ತಿತ್ತು.

"ನನಗೇ ತಪ್ಪು ಅಂತದ ನೋಡ್ ಇದು! ಇಪ್ಪತ್ತೆಂಟು ವರ್ಷ ನಾ ಮಂದಿಗಿ ತಪ್ಪು ಅಂತ ಹೇಳ್ದಾಕಿ!"

ಮೂರು ಸಲ ಹೊಡೆದರು, ಐದು ಸಲ ಹೊಡೆದರು. ಬೇಸತ್ತು ಇಂಟರ್ನೆಟ್ ಬಂದ್ ಮಾಡಿದ್ದೇ ತಡ, ಫೋನು ಬಂತು. ಶಿಕ್ಷಣ ಇಲಾಖೆಯ ಒಬ್ಬ ಸಾಹೇಬರು. ಸಾಹೇಬರದು ಭಾರಿ ಶರೀರ, ಎರಡು ಕುರ್ಚಿ ಜೋಡಿಸಿದರೂ ಆರಾಮ ಇಲ್ಲ. ಅವರ ದನಿ ಫೋನಿನಿಂದ ಹೊರಗೆ ನನಗೂ ಕೇಳಿಸಿತು.

"ಅಕ್ಕೋರೆ, ನನ್ನ ಹೊಟ್ಟಿ ಮ್ಯಾಲ ನಿಮಗ್ಯಾಕ್ರಿ ಕಣ್ಣು? ಮುಂಜಾನಿಂದ ಏಳು ಮೇಲ್ ಬಂದಾವ ನಿಮ್ಮವು! ತೂಕ ಇಳಿಸೋ ಗುಳಿಗಿ ತಗೋರಿ, ತಗೋರಿ ಅಂತ!"

ಅಕ್ಕೋರು ರಿಸೀವರ್ ಹಿಡಿದುಕೊಂಡೇ ಎದ್ದು ನಿಂತರು. ನಾನು ಸೆರಗು ಬಾಯಿಗೆ ತುರುಕಿಕೊಂಡು ಬಾಗಿಲ ಹಿಂದೆ ಹೋಗಿ ನಿಂತೆ, ನಗು ಬಂದರೆ ಅವರ ಮುಂದೆ ನಗುವ ಧೈರ್ಯ ಯಾರಿಗಿತ್ತು? ಸಂಜೆಯ ಹೊತ್ತಿಗೆ ತಿಳಿಯಿತು, ಅಕ್ಕೋರ ಹೆಸರಿನಲ್ಲಿ ಆ ಗುಳಿಗೆಯ ಜಾಹೀರಾತು ಅವರು ಎಂದಾದರೂ ಮೇಲ್ ಬರೆದವರಿಗೆಲ್ಲ ಹೋಗಿತ್ತು. ಒಬ್ಬ ಹೆಡ್ಮಾಸ್ತರರಂತೂ "ಗುಳಿಗಿ ಎಷ್ಟಕ್ಕ ಕೊಡ್ತೀರಿ?" ಎಂದು ಗುಟ್ಟಾಗಿ ಕೇಳಿದರಂತೆ.

ನಗು ಇಳಿದ ಮೇಲೆ ನನಗೆ ನೆನಪಾಯಿತು. ಆ ಪೆಟ್ಟಿಗೆಯೊಳಗೆ ನನ್ನ ತಾರೀಖು ಬಂದು ಬಿದ್ದಿರಬಹುದು. ಬೀಗ ಮಾತ್ರ ತೆರೆಯುತ್ತಿಲ್ಲ. ಕಾರ್ಖಾನೆಗೆ ಫೋನ್ ಹಚ್ಚಿದರೆ ಗೇಟಿನವನು ಎತ್ತಿ, "ಅದೆಲ್ಲ ಮೇಲ್ ಮ್ಯಾಲೇ ಬರ್ತದ್ರಿ" ಎಂದು ಇಟ್ಟುಬಿಟ್ಟ. "ಅಕ್ಕೋರೆ, ಏನ್ ಮಾಡೂದ್ರಿ?" ಎಂದೆ. ಅವರು ನನ್ನ ಮುಖ ನೋಡದೆ ಚೀಲ ಹೆಗಲಿಗೇರಿಸಿ, "ವೈರಸ್ ಬಂದದ. ಔಷಧ ತರಬೇಕು" ಎಂದರು. ನನಗೆ ಆಗ ಅದು ವಿಚಿತ್ರವೆನಿಸಲಿಲ್ಲ. ಅಕ್ಕೋರು ವೈರಸ್ ಎಂದ ಮೇಲೆ ವೈರಸ್ಸೇ. ಮಧ್ಯಾಹ್ನದೊಳಗೆ ಇಡೀ ಓಣಿ ವೈರಸ್ ಎಂದಿತು. ಒಬ್ಬಾಕೆ ತನ್ನ ಕೂಸನ್ನು ಎತ್ತಿಕೊಂಡು ಅವರ ಮನೆಯ ಎದುರಿನಿಂದ ಸರಿದು ಹೋದಳು.

ಮಂಗಳವಾರ ಸಂಜೆ ಇಬ್ಬರೂ ಸೂಪರ್ ಮಾರ್ಕೆಟ್ಟಿನ ಕಂಪ್ಯೂಟರ್ ಅಂಗಡಿಗೆ ಹೋದೆವು. ಅಲ್ಲಿ ಅಕ್ಕೋರು ಆಂಟಿವೈರಸ್ ಆರಿಸಿದ ರೀತಿಯನ್ನು ಈಗಲೂ ಯಾರಾದರೂ ಕೇಳಿದರೆ ನಿಂತು ಅಭಿನಯಿಸಿ ತೋರಿಸುತ್ತೇನೆ. ಸರ್ಕಾರಿ ಶಾಲೆಯಲ್ಲಿ ಒಂದು ಪೊರಕೆ ಕೊಳ್ಳಬೇಕಾದರೂ ಮೂರು ಕೊಟೇಶನ್ ಬೇಕು. ಅಕ್ಕೋರು ಕೌಂಟರಿನ ಮೇಲೆ ಮೂರು ಡಬ್ಬಿ ಇಡಿಸಿದರು, ಒಂದು ಕೆಂಪು, ಒಂದು ಹಳದಿ, ಒಂದು ಹಸಿರು. ಕಾಗದದ ಮೇಲೆ ಗೆರೆ ಎಳೆದು ತುಲನಾತ್ಮಕ ಪಟ್ಟಿ ಮಾಡಿದರು. ಆಮೇಲೆ ಅಂಗಡಿಯವನನ್ನು ನಿಲ್ಲಿಸಿ ಮೌಖಿಕ ಪರೀಕ್ಷೆ.

"ದಿನಾ ಹೊಸ ವೈರಸ್ ಹುಟ್ತಾವ ಅಂತಿ. ಹಂಗಾದ್ರ ಈ ಡಬ್ಬಿಗಿ ಅವು ಹ್ಯಾಂಗ ಗೊತ್ತಾಗ್ತಾವ?"

"ಅಪ್‌ಡೇಟ್ ಆಗ್ತದ್ರಿ ಮೇಡಂ. ಇಂಟರ್ನೆಟ್ ಮ್ಯಾಲ ಹೊಸಾ ಲಿಸ್ಟ್ ತಗೋತದ. ಬಿಲ್ಕುಲ್ ಫಿಕರ್ ಮಾಡಬ್ಯಾಡ್ರಿ."

"ಅಂದ್ರ ಸೇವಾವಧಿ ತರಬೇತಿ. ಸರಿ. ರಜಾ ತಗೋತದೇನು?"

"ವರ್ಷ ಆದ ಮ್ಯಾಲ ಬಂದ್ ಆಗ್ತದ್ರಿ. ರಿನ್ಯೂವಲ್ ಮಾಡಿಸಬೇಕು."

"ಗುತ್ತಿಗಿ ನೌಕರ ಅನ್ನು" ಎಂದು ಪಟ್ಟಿಯಲ್ಲಿ ಬರೆದುಕೊಂಡರು. ಅಂಗಡಿಯವನು ಬೆವರೊರೆಸಿಕೊಂಡು ನನ್ನ ಕಡೆ ನೋಡಿದ. "ಬಹೆನ್, ಇವರು ಇನ್ಸ್‌ಪೆಕ್ಷನ್‌ಗೆ ಬಂದಾರೇನು?" ಎಂದು ಮೆಲ್ಲಗೆ ಕೇಳಿದ.

ಕಡೆಗೆ ಅಕ್ಕೋರು ತೀರ್ಪು ಕೊಟ್ಟರು. ಕೆಂಪೂ ಬೇಕು, ಹಸಿರೂ ಬೇಕು. ಅಂಗಡಿಯವನು "ಏ ನಕ್ಕೋ ಮೇಡಂ, ಎರಡು ಒಂದೇ ಮಷಿನ್‌ದಾಗ ನಡಿಯಂಗಿಲ್ರಿ" ಎಂದು ಅಂಗಲಾಚಿದರೂ ಕೇಳಲಿಲ್ಲ. "ಪರೀಕ್ಷಾ ಹಾಲಿಗಿ ನಾವು ಯಾವಾಗ್ಲೂ ಇಬ್ಬರು ಸುಪರ್‌ವೈಜರ್ ಹಾಕ್ತೀವಿ. ಒಬ್ಬರ ಮ್ಯಾಲ ಒಬ್ಬರ ಕಣ್ಣಿರಬೇಕು" ಎಂದರು. ಬುಧವಾರ ಸಂಜೆ ಅವನೇ ಸ್ಕೂಟರ್ ಮೇಲೆ ಬಂದು ಎರಡನ್ನೂ ಹಾಕಿಕೊಟ್ಟ. ಹಾಕಿ ಹತ್ತು ನಿಮಿಷವಾಗಿರಲಿಲ್ಲ, ಕೆಂಪಿನದು ಗಂಟೆ ಬಾರಿಸಿ ಹಸಿರಿನದನ್ನು ಕಳ್ಳ ಎಂದಿತು. ಹಸಿರಿನದು ಎದ್ದು ಕೆಂಪಿನದನ್ನು ಕಳ್ಳ ಎಂದಿತು. ಇದು ಅದನ್ನು ಹಿಡಿಯಿತು, ಅದು ಇದನ್ನು ಹಿಡಿಯಿತು, ಕಂಪ್ಯೂಟರ್ ಕಲ್ಲಾಗಿ ಕೂತುಬಿಟ್ಟಿತು. ಮೌಸು ಅಲ್ಲಾಡಲಿಲ್ಲ. ಅಕ್ಕೋರು ಎರಡೂ ಕೈ ಸೊಂಟದ ಮೇಲಿಟ್ಟುಕೊಂಡು ಪರದೆ ನೋಡುತ್ತ, "ಥೇಟ್ ನಮ್ಮ ಸ್ಟಾಫ್ ರೂಮು" ಎಂದರು.

ಎರಡರಲ್ಲಿ ಒಂದನ್ನು ತೆಗೆಯಬೇಕಾಯಿತು. ಯಾವುದನ್ನು? ಅಕ್ಕೋರು ಒಂದು ಕ್ಷಣ ಯೋಚಿಸಿ, "ಮೊದಲು ಯಾವುದು ಒದರಿತೋ ಅದನ್ನ ತೆಗಿ. ಸುಮ್ಮ ಕೆಲಸ ಮಾಡೂದು ಇರಲಿ" ಎಂದರು. ಕೆಂಪು ಹೋಯಿತು. ಹಸಿರಿನದು ಇಡೀ ಯಂತ್ರವನ್ನು ಒಂದು ತಾಸು ಜಾಲಾಡಿ ಒಂದೂ ವೈರಸ್ ಇಲ್ಲ ಎಂದು ಹೇಳಿತು.

ಅಂಗಡಿಯವನು ಗಂಟಲು ಸರಿಮಾಡಿಕೊಂಡ. "ನಾ ನಿನ್ನೇನೇ ಹೇಳೋಣ ಅಂತಿದ್ದೆ ಮೇಡಂ. ಇದು ವೈರಸ್ ಕೆಲಸ ಅನಸವಲ್ದು. ನಿಮ್ಮ ಪಾಸ್‌ವರ್ಡ್ ಯಾರಿಗೋ ಸಿಕ್ಕದ, ಅವರು ಬದಲಿ ಮಾಡ್ಯಾರ. ಯಾರಿಗರ ಕೊಟ್ಟೀರೇನು?"

ಆವತ್ತು ಮೊದಲ ಸಲ ಅಕ್ಕೋರು ಒಂದು ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಚಹಾ ಮಾಡುತ್ತೇನೆಂದು ಒಳಗೆ ಹೋದರು. ಅವನು ನನಗೇ ವಿವರಿಸಿದ. ಕಂಪನಿಗೆ ಒಂದು ಅರ್ಜಿ ತುಂಬಬೇಕು. ಖಾತೆ ಯಾವಾಗ ತೆರೆದದ್ದು, ಯಾರಿಗೆ ಹೆಚ್ಚು ಮೇಲ್ ಕಳಿಸುತ್ತಿದ್ದಿರಿ, ಇತ್ತೀಚೆಗೆ ಏನೇನು ಬಂದಿತ್ತು, ಏನೇನು ಹೋಗಿತ್ತು ಎಂದು ಕೇಳುತ್ತಾರೆ. ಖಾತೆ ನಮ್ಮದೇ ಎಂದು ಅವರಿಗೆ ನಂಬಿಕೆ ಬಂದರೆ ಬಿಡಿಸಿಕೊಡುತ್ತಾರೆ. ಉತ್ತರ ಕಳಿಸಲು ಬೇರೊಂದು ಈಮೇಲ್ ಬೇಕು ಎಂದಾಗ ಆ ಪುಣ್ಯಾತ್ಮ ತನ್ನದನ್ನೇ ಕೊಟ್ಟ. ಹೀಗೆ ಪಿ.ಪಿ.ಗೇ ಒಂದು ಪಿ.ಪಿ. ಆಯಿತು.

"ಇಷ್ಟೆಲ್ಲ ಯಾರಿಗಿ ನೆನಪಿರ್ತದ್ರಿ?" ಎಂದೆ, ಅಳುವ ದನಿಯಲ್ಲಿ. ಒಳಗಿನಿಂದ ಬಂದ ಅಕ್ಕೋರ ಕೈಯಲ್ಲಿ ಚಹಾ ಇರಲಿಲ್ಲ, ಒಂದು ಉದ್ದನೆಯ ರಿಜಿಸ್ಟರ್ ಇತ್ತು. ಕಚೇರಿಗಳಲ್ಲಿ ಬಂದ ಪತ್ರ ಒಂದು ಕಡೆ, ಹೋದ ಪತ್ರ ಒಂದು ಕಡೆ ಬರೆದಿಡುತ್ತಾರಲ್ಲ, ಅಂಥ ಆವಕ-ಜಾವಕ ರಿಜಿಸ್ಟರ್. ಖಾತೆ ತೆರೆದ ದಿನದಿಂದ ಬಂದ ಒಂದೊಂದು ಮೇಲನ್ನೂ, ಹೋದ ಒಂದೊಂದು ಮೇಲನ್ನೂ ತಾರೀಖು ಸಮೇತ ಕೈಯಾರೆ ಬರೆದಿಟ್ಟಿದ್ದರು! ಅಂಗಡಿಯವನು ಪುಟ ತಿರುವಿ ತಿರುವಿ, "ಯಾ ಅಲ್ಲಾ! ಕಂಪನಿಯವರ ಹತ್ರಾನೂ ಇಷ್ಟು ರೆಕಾರ್ಡ್ ಇರಲಿಕ್ಕಿಲ್ಲ" ಎಂದು ನಕ್ಕು, ಸ್ಕೂಟರ್ ಹತ್ತಿ ಹೋದ.

ಅಕ್ಕೋರು ಓದಿ ಹೇಳಿದರು, ನಾನು ಕೀಲಿಮಣೆ ಕುಟ್ಟಿದೆ. ಬಂದವುಗಳ ಪಟ್ಟಿ ಮುಗಿಯಿತು. ಹೋದವುಗಳಿಗೆ ಬಂದಾಗ ಅವರ ದನಿ ಸಣ್ಣದಾಯಿತು. ಕೊನೆಯ ಸಾಲಿನ ಮೇಲೆ ಅಂಗೈ ಅಗಲಿಸಿ ಇಟ್ಟುಕೊಂಡಿದ್ದರು. "ಅದೊಂದು ಬ್ಯಾಡ" ಎಂದರು. ಬೇಡ ಎಂದರೆ ಬಿಡುವ ವಯಸ್ಸೇ ನನ್ನದು? ಕೊನೆಯದೇ ಮುಖ್ಯವಂತೆ ಎಂದು ಹಟ ಹಿಡಿದೆ. ಅವರು ನಿಧಾನವಾಗಿ ಕೈ ತೆಗೆದರು. ಶನಿವಾರದ ತಾರೀಖಿನಲ್ಲಿ, ಮುತ್ತಿನಂಥ ಅಕ್ಷರಗಳಲ್ಲಿ ಹೀಗಿತ್ತು: "ವಿಷಯ: ಖಾತೆ ಪರಿಶೀಲನೆ. ತಮ್ಮ ಪತ್ರದ ಮೇರೆಗೆ, ನಿಗದಿತ ನಮೂನೆಯಲ್ಲಿ ಪಾಸ್‌ವರ್ಡನ್ನು ಮರುಟಪಾಲಿಗೆ ಸಲ್ಲಿಸಲಾಗಿದೆ."

ಆಗಿದ್ದು ಇಷ್ಟೇ. ಈಮೇಲ್ ಕಂಪನಿಯ ಮುಖವಾಡ ಹಾಕಿಕೊಂಡ ಯಾವನೋ ಕಳ್ಳ, ಇಪ್ಪತ್ನಾಲ್ಕು ತಾಸಿನೊಳಗೆ ಈ ನಮೂನೆ ತುಂಬಿ ಕಳಿಸದಿದ್ದರೆ ಖಾತೆ ಮುಚ್ಚುತ್ತೇವೆ ಎಂದು ಬರೆದಿದ್ದ. ಹೆಸರು, ಹುಟ್ಟಿದ ತಾರೀಖು, ಪಾಸ್‌ವರ್ಡ್ ಎಂದು ಮೂರು ಕಾಲಮ್ಮು. ಮೇಲಿನ ಆಫೀಸಿನಿಂದ ಬಂದ ಇಂಥ ಸುತ್ತೋಲೆಗಳಿಗೆ ಇಪ್ಪತ್ತೆಂಟು ವರ್ಷ ಮರುಟಪಾಲಿಗೆ ಉತ್ತರ ಕೊಟ್ಟ ಕೈ ಅದು. ಕಾಲಮ್ಮು ಖಾಲಿ ಬಿಟ್ಟರೆ ನಿದ್ದೆ ಬಾರದ ಹೆಂಗಸು. ತುಂಬಿ ಕಳಿಸಿದ್ದರು. ಕಳಿಸಿದ್ದನ್ನು ಪ್ರಾಮಾಣಿಕವಾಗಿ ರಿಜಿಸ್ಟರಿಗೂ ಏರಿಸಿದ್ದರು!

ನನಗೆ ಸಿಟ್ಟು ನೆತ್ತಿಗೇರಿತು. ಸೋಮವಾರದಿಂದ ವೈರಸ್, ಔಷಧ, ಕೊಟೇಶನ್ ಎಂದು ಎರಡು ದಿನ ಹಾಳು. ಅಷ್ಟೂ ಹೊತ್ತು ಇವರಿಗೆ ಗೊತ್ತಿತ್ತು. ಅವ್ವನ ತಲೆಯ ಮೇಲಿನ ಇಟ್ಟಂಗಿ ಕಣ್ಣಿಗೆ ಕಟ್ಟಿತು. "ಮೊದಲೇ ಯಾಕ ಹೇಳಲಿಲ್ರಿ?" ಎಂದು ಬಹುಶಃ ಕೂಗಿಯೇ ಕೇಳಿದೆ. ಅಕ್ಕೋರು ಕುರ್ಚಿಯಲ್ಲಿ ಇನ್ನಷ್ಟು ಗಿಡ್ಡವಾದರು.

"ಇಡೀ ಓಣಿ ನನಗ ಶಾಣ್ಯಾಕಿ ಅಂತದ, ತಂಗಿ. ನಾಚಿಕಿ ಆತು. ಓಣ್ಯಾಗ ಹೇಳಬ್ಯಾಡ."

ಅವರು ನನ್ನಲ್ಲಿ ಏನನ್ನಾದರೂ ಬೇಡಿಕೊಂಡದ್ದು ಅದೊಂದೇ ಸಲ. ನನ್ನ ಸಿಟ್ಟು ಇಳಿಯಿತು, ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಆ ಕೊನೆಯ ಸಾಲನ್ನೂ ಅರ್ಜಿಯಲ್ಲಿ ಟೈಪ್ ಮಾಡಿ ಕಳಿಸಿದೆ.

ಗುರುವಾರ ಸಂಜೆ ಅಂಗಡಿಯವನು ಫೋನ್ ಮಾಡಿ, "ಮೇಡಂ, ಖುಲ್ ಗಯಾ!" ಎಂದು ಕೂಗಿದ. ಅಕ್ಕೋರು ಹಳೆಯ ಅಭ್ಯಾಸದಂತೆ ಮಾಳಿಗೆ ಏರಿ ನನ್ನ ಹೆಸರು ಹಿಡಿದು ಒದರಿದರು. ಹೊಸ ಪಾಸ್‌ವರ್ಡ್ ಹಾಕಿ ತೆರೆದರೆ, ವಿಳಾಸ ಸಿಗದೆ ವಾಪಸ್ ಬಂದ ಮುನ್ನೂರು ಗುಳಿಗೆ ಜಾಹೀರಾತುಗಳ ನಡುವೆ ನನ್ನ ಮೇಲ್ ಇತ್ತು. ಸಂದರ್ಶನ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ. ಅಂದರೆ ಮರುದಿನ!

ಬೆಳಿಗ್ಗೆ ಅದೇ ಹುಮನಾಬಾದ್ ಬಸ್ಸಿನಲ್ಲಿ ಹೊರಟೆವು. ಅಕ್ಕೋರು ದಿನಾ ಶಾಲೆಗೆ ಹೋಗುವ ದಾರಿಯೇ ಅದು. ಕಮಲಾಪುರ ಬಂತು, ಕೆಂಪು ಬಾಳೆಹಣ್ಣಿನ ಬುಟ್ಟಿಯವರು ಹತ್ತಿದರು. ಕಂಡಕ್ಟರ್ "ಅಕ್ಕೋರೆ, ನಿಮ್ಮ ಸಾಲಿ ಬಂತ್ರಿ" ಎಂದ. "ಇವತ್ತ ನಾ ಮುಂದ ಹೋಗಾಕಿ. ಅರ್ಧ ದಿನ ರಜಾ ಹಾಕೀನಿ, ಟಿಕೀಟು ಹರಿ" ಎಂದರು. ಕಂಡಕ್ಟರ್ ಸುದ್ದಿಯನ್ನು ಡ್ರೈವರನಿಗೆ ಹೇಳಿದ, ಡ್ರೈವರ್ ತಿರುಗಿ ನೋಡಿದ. ಅಕ್ಕೋರು ರಜೆ ಹಾಕಿದ್ದು ಆ ದಾರಿಯಲ್ಲಿ ಅಷ್ಟು ದೊಡ್ಡ ಸುದ್ದಿ. ಯಾಕೆ ಬರುತ್ತಿದ್ದೀರಿ ಎಂದು ನಾನು ಕೇಳಿದ್ದಕ್ಕೆ "ಸುಮ್ಮ, ಜೊತಿಗಿ" ಎಂದಷ್ಟೇ ಹೇಳಿದರು.

ಕಾರ್ಖಾನೆಯ ಒಂದು ಕೋಣೆಯಲ್ಲಿ ಮೂವರು ಕೂತಿದ್ದರು. ನಡುವಿನ ಕನ್ನಡಕದವರು ನನ್ನ ಅರ್ಜಿ ನೋಡಿ, ನನ್ನನ್ನು ನೋಡಿ, ಮತ್ತೆ ಅರ್ಜಿ ನೋಡಿದರು.

"ಏನಮ್ಮಾ, ಈ ಈಮೇಲಿಂದ ನಮಗ ಹನ್ನೊಂದು ಸಲ ತೂಕ ಇಳಿಸೋ ಗುಳಿಗಿ ಜಾಹೀರಾತು ಬಂದದ. ಔಷಧಿ ಮಾಡೋರು ನಾವು, ನಮಗೇ ಗುಳಿಗಿ ಮಾರ್ತೀಯಲ್ಲ! ಯಾವ ಕಂಪನಿ ಏಜೆಂಟು ನೀನು?"

ವೈರಸ್ ಎಂದರೆ ಸುಳ್ಳಾಗುತ್ತದೆ. ನಿಜ ಹೇಳಿದರೆ ಕೊಟ್ಟ ಮಾತು ಮುರಿಯುತ್ತದೆ. ಅವರು ಅರ್ಜಿಯನ್ನು ಮಡಚಿ ಪಕ್ಕಕ್ಕೆ ಇಟ್ಟರು. ಹೊರಗೆ ಬೆಂಚಿನ ಮೇಲೆ ಕೂತವರಿಗೆ ಕಿಟಕಿಯಿಂದ ಎಲ್ಲ ಕೇಳುತ್ತಿತ್ತು. ಬಾಗಿಲು ತೆರೆಯಿತು.

"ಕೇಳದ ಒಳಗ ಬಂದೆ, ತಪ್ಪಾತು. ನಾ ಗಣಿತದ ಟೀಚರ್ ರೀ. ಆ ಈಮೇಲ್ ನಂದು. ಕಳ್ಳ ಒಂದು ನಮೂನಿ ಕಳಿಸ್ದ, ನಾ ಪಾಸ್‌ವರ್ಡ್ ತುಂಬಿ ಕೊಟ್ಟೆ. ವೈರಸ್ ಇಲ್ಲ, ಏನಿಲ್ಲ. ದಡ್ಡತನ ನಂದು. ಈ ಹುಡುಗಿದು ಏನೂ ತಪ್ಪಿಲ್ಲ."

ಚೀಲದಿಂದ ಆ ರಿಜಿಸ್ಟರ್ ತೆಗೆದು, ಬೆರಳಿಟ್ಟು ಆ ಸಾಲು ತೋರಿಸಿದರು. ಕನ್ನಡಕದವರು ಗಟ್ಟಿಯಾಗಿ ಓದತೊಡಗಿದರು. "ಪಾಸ್‌ವರ್ಡನ್ನು ಮರುಟಪಾಲಿಗೆ ಸಲ್ಲಿಸಲಾಗಿದೆ" ಎಂಬಲ್ಲಿಗೆ ಬಂದಾಗ ಎಡಗಡೆಯವರು ಮೇಜಿಗೆ ಹಣೆ ಹಚ್ಚಿ ನಗುತ್ತಿದ್ದರು, ಬಲಗಡೆಯವರು ನೀರು ಕುಡಿಯಲು ಹೋಗಿ ಮೂಗಿನಿಂದ ಬಿಟ್ಟುಕೊಂಡರು. ನನಗೂ ತಡೆಯಲಾಗಲಿಲ್ಲ. ನಾಲ್ಕು ದಿನ ಸೆರಗಿನಲ್ಲಿ ಕಟ್ಟಿಟ್ಟಿದ್ದ ನಗು ಹಾಗೇ ಬಿಚ್ಚಿಕೊಂಡಿತು. ಅಕ್ಕೋರು ಒಂದು ಕ್ಷಣ ನಮ್ಮೆಲ್ಲರನ್ನೂ ಕಣ್ಣು ಕೆಕ್ಕರಿಸಿ ನೋಡಿದರು, ಆಮೇಲೆ ಅವರೂ ಶುರುಮಾಡಿದರು. ಅವರು ನಗುವುದನ್ನು ನಾನು ನೋಡಿದ್ದು ಅದೇ ಮೊದಲು. ಹೆಗಲು ಕುಣಿಸುತ್ತ, ದನಿಯೇ ಇಲ್ಲದೆ, ಕಣ್ಣಲ್ಲಿ ನೀರು ಬರುವ ತನಕ ನಗುತ್ತಿದ್ದರು.

ಕನ್ನಡಕದವರು ಮೊದಲು ಸಾವರಿಸಿಕೊಂಡು, "ನಮ್ಮ ಲ್ಯಾಬಿನ್ಯಾಗ ತಪ್ಪು ಮಾಡೋರು ಭಾಳ ಮಂದಿ ಇದ್ದಾರ್ರಿ. ಬರೆದಿಡೋರು ಒಬ್ಬರೂ ಇಲ್ಲ" ಎಂದು ಅಕ್ಕೋರನ್ನು ಕೂಡಿಸಿ ಚಹಾ ತರಿಸಿದರು. ಆಮೇಲೆ ನನ್ನ ಮಡಚಿದ ಅರ್ಜಿ ಬಿಚ್ಚಿ ಮುಕ್ಕಾಲು ತಾಸು ರಸಾಯನಶಾಸ್ತ್ರ ಕೇಳಿದರು. ಅದಕ್ಕೆ ಯಾರ ಸಹಾಯವೂ ನನಗೆ ಬೇಕಿರಲಿಲ್ಲ. ಒಂದನೆಯ ತಾರೀಖಿನಿಂದ ಕೆಲಸಕ್ಕೆ ಬಾ ಎಂದರು. ಇಂದಿಗೂ ಅದೇ ದಾರಿಯಲ್ಲಿ, ಅದೇ ಕೆಲಸದಲ್ಲಿದ್ದೇನೆ. ಮೊದಲ ಪಗಾರದ ತಿಂಗಳೇ ಅವ್ವನ ಇಟ್ಟಂಗಿ ಇಳಿಸಿದೆ.

ತಿರುಗಿ ಬರುವಾಗ ಕಮಲಾಪುರದಲ್ಲಿ ಅಕ್ಕೋರು ತಟಕ್ಕನೆ ಎದ್ದರು. "ಇಳಿ. ಹತ್ತನೇ ಕ್ಲಾಸಿಂದು ಕಡೀ ಪಿರಿಯಡ್ ಅದ." ನನ್ನನ್ನು ಹಿಂದಿನ ಬೆಂಚಿನಲ್ಲಿ ಕೂಡಿಸಿದರು. ಹುಡುಗರು ಪುಸ್ತಕ ತೆಗೆದು ಕೂತಿದ್ದರು, ಒಬ್ಬರೂ ಮಿಸುಕಲಿಲ್ಲ. ಅಕ್ಕೋರು "ಪುಸ್ತಕ ಮುಚ್ಚರಿ. ನಾ ಹ್ಯಾಂಗ ಮೋಸ ಹೋದೆ ಅಂತ ಹೇಳ್ತೀನಿ" ಎಂದರು. ಓಣಿಗೆ ಹೇಳಬೇಡ ಎಂದು ಮೊನ್ನೆ ನನ್ನಲ್ಲಿ ಬೇಡಿಕೊಂಡವರು ನಲವತ್ತು ಹುಡುಗರ ಎದುರಿಗೆ ಎಲ್ಲ ಹೇಳಿದರು. ಗುಳಿಗೆ ಹೇಳಿದರು, ಎರಡು ಆಂಟಿವೈರಸ್ಸಿನ ಜಗಳ ಹೇಳಿದರು, ರಿಜಿಸ್ಟರಿನ ಸಾಲನ್ನಂತೂ ಎರಡು ಸಲ ಓದಿದರು. ಹುಡುಗರು ಮೊದಲು ಹೆದರಿ ಹೆದರಿ ನಕ್ಕರು, ಆಮೇಲೆ ಬೆಂಚು ಬಡಿದು ನಕ್ಕರು. ಪಕ್ಕದ ಕ್ಲಾಸಿನ ಮಾಸ್ತರರು ಏನಾಯಿತೋ ಎಂದು ಓಡಿ ಬಂದು ಬಾಗಿಲಲ್ಲಿ ನಿಂತರು.

"ತಿಳೀತಿಲ್ಲೋ? ಯಾರಿಗರ ಏನರ ಕೇಳೂದದೇನು?"

ಮುಂದಿನ ಸಾಲಿನ ಎರಡು ಜಡೆಯ ಹುಡುಗಿಯೊಬ್ಬಳು ಕೈ ಎತ್ತಿ ನಿಂತಳು.

"ಅಕ್ಕೋರೆ, ಈಗ ಹೊಸಾ ಪಾಸ್‌ವರ್ಡ್ ಏನ್ರಿ?"

ಅಕ್ಕೋರ ಬಾಯಿ ತೆರೆಯಿತು. ಸೀಮೆಸುಣ್ಣ ಹಿಡಿದ ಕೈ ಬೋರ್ಡಿನ ಕಡೆಗೆ ಎದ್ದಿತು. ಮೊದಲ ಅಕ್ಷರದ ಗೆರೆ ಬೋರ್ಡಿನ ಮೇಲೆ ಮೂಡಿಯೂ ಬಿಟ್ಟಿತ್ತು. ನಾನು ಹಿಂದಿನ ಬೆಂಚಿನಿಂದ ಜಿಗಿದೆದ್ದು "ಅಕ್ಕೋರೇ!" ಎಂದು ಕಿರುಚಿದೆ. ಕೈ ಅಲ್ಲೇ ನಿಂತಿತು. ಆ ಗೆರೆಯನ್ನು ಅವರು ಸೆರಗಿನಿಂದ ಗಸಗಸ ಒರೆಸಿದರು, ತಿರುಗಿ ಆ ಹುಡುಗಿಯನ್ನು ನೋಡಿದರು. ಇಪ್ಪತ್ತೆಂಟು ವರ್ಷದ ಸರ್ವಿಸಿನಲ್ಲಿ ಒಂದು ಮಗುವಿಗೂ ಹೇಳದಿದ್ದ ಮಾತನ್ನು, ಎಷ್ಟೋ ಕಷ್ಟಪಟ್ಟು, ಆವತ್ತು ಹೇಳಿದರು.

"ಹೇಳಂಗಿಲ್ಲ. ಕೂಡು."